ಇಬ್ರನ್ನೂ ಎದುರುಬದುರು ನಿಲ್ಸಿ ಸಾರಿ ಹೇಳ್ಸಿದೆ, ಈಗ ಇನ್ನೂ ಕೆಟ್ಟೋಗಿದೆ. ಏನ್ ಮಾಡ್ಬೇಕಿತ್ತು ಹೇಳಿ

ಎಂಟನೇ_ಬಿ_ಮಿಸ್

ಎಲ್ರಿಗೂ ನಮಸ್ಕಾರ. ನಾನು ಹಾಸನ ಕಡೆ ಒಂದು ಅನುದಾನಿತ ಹೈಸ್ಕೂಲಲ್ಲಿ ಕನ್ನಡ ಟೀಚರ್ರು, 8ನೇ ಬಿ ಸೆಕ್ಷನ್ನಿಗೆ ಕ್ಲಾಸ್ ಟೀಚರ್ ಕೂಡ. ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ, ತುಂಬಾ ಚುರುಕು, ಆದ್ರೆ ಮಾತಾಡುವಾಗ ಉಗ್ಗು. ಪ ಬ ಮ ಬಂದ್ರೆ ಸಿಕ್ಕಾಕೊಳ್ತಾನೆ. ಸಂಜೆ ಟ್ಯೂಷನ್ನಲ್ಲಿ ಏನೋ ಓದುವಾಗ ಹಂಗೇ ಸಿಕ್ಕಾಕೊಂಡಿದಾನೆ, ಅದನ್ನ ಯಾರೋ ಮೊಬೈಲಲ್ಲಿ ರೆಕಾರ್ಡ್ ಮಾಡಿದಾರೆ. 7 ಸೆಕೆಂಡು ಅಷ್ಟೇ. ಆ ಆಡಿಯೋಗೆ ಹಳೇ ಬೈಕು ಸ್ಟಾರ್ಟ್ ಆಗ್ದೆ ಕಿಕ್ ಹೊಡೀತಾ ಇರೋ ಸೌಂಡ್ ಸೇರ್ಸಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟಿದಾರೆ. ಗ್ರೂಪಲ್ಲಿರೋ ನಂಬರೆಲ್ಲ ಅಮ್ಮಂದಿರ್ದೇ, ಓಡ್ಸೋರು ಮಾತ್ರ ಮಕ್ಳು.

ನನಗೆ ಗೊತ್ತಾಗಿದ್ದು ಮೂರು ವಾರ ಆದ್ಮೇಲೆ. ಅದೂ ಹೆಂಗೆ ಅಂದ್ರೆ ಅವನು ಉತ್ತರ ಹೇಳೋಕೆ ಎದ್ದು ನಿಂತಾಗೆಲ್ಲ ಹಿಂದಿನ ಬೆಂಚಲ್ಲಿ ಯಾರಾದ್ರೂ ಒಬ್ರು ಕಾಲು ಎತ್ತಿ ಕಿಕ್ ಹೊಡೆದ ಹಾಗೆ ಮಾಡೋರು. ಸದ್ದಿಲ್ಲ, ನಗು ಇಲ್ಲ, ಬರೀ ಕಾಲು. ಮೂರು ವಾರ ನನ್ನ ಕಣ್ಣೆದುರಿಗೇ ನಡ್ದಿದೆ, ನಾನು ಕಾಲು ಜೋಮು ಹಿಡ್ದಿರ್ಬೇಕು ಅಂತ ಅನ್ಕೊಂಡಿದೀನಿ.

ಗೊತ್ತಾದ ದಿನ ಸಿಟ್ಟು ನೆತ್ತಿಗೇರ್ತು. ಕ್ಲಿಪ್ ಮಾಡಿದ ಹುಡುಗನ್ನೂ ಇವನನ್ನೂ ಸ್ಟಾಫ್ ರೂಮಿಗೆ ಕರ್ದು ಎದುರುಬದುರು ನಿಲ್ಸಿ, ಸಾರಿ ಹೇಳ್ಸಿ, ಕೈ ಕುಲುಕ್ಸಿ, "ಇವತ್ತಿಂದ ನೀವಿಬ್ರೂ ಫ್ರೆಂಡ್ಸು" ಅಂತ ಹೇಳಿ ಕಳ್ಸಿದೆ. ನಾಕೈದು ಜನ ಟೀಚರ್ಸ್ ಕೂತಿದ್ರು, ಎಲ್ರೂ ಭೇಷ್ ಅಂದ್ರು. ಮಾರನೇ ದಿನ ಇಡೀ ಕ್ಲಾಸು ಒಬ್ರಿಗೊಬ್ರು "ಸಾ-ಸಾ-ಸಾ-ಸಾರಿ" ಅಂತಿದೆ. ಅಂದ್ರೆ ಹೊಸ ಜೋಕು ಕೊಟ್ಟಿದ್ದೇ ನಾನು. ಹುಡುಗ ನಾಕು ದಿನದಿಂದ ಸ್ಕೂಲಿಗೆ ಬಂದಿಲ್ಲ, ಹೊಟ್ಟೆನೋವು ಅಂತ ಅವರಮ್ಮ ಫೋನ್ ಮಾಡಿದ್ರು.

ಇಲ್ಲಿ ಕೌನ್ಸೆಲರ್ಸು, ಟೀಚರ್ಸು, ಪೊಲೀಸ್ನೋರು ಎಲ್ಲಾ ಇದೀರ. ನಾನು ಏನ್ ಮಾಡ್ಬೇಕಿತ್ತು?

ಬೆಂಚ್_ಪಕ್ಕ_ಕೂತವ್ಳು (ಸ್ಕೂಲ್ ಕೌನ್ಸೆಲರ್, ಬೆಂಗಳೂರು)

ಮೇಡಂ ಮೊದ್ಲು ಒಂದ್ ಮಾತು, ಇದನ್ನ ನಾನೂ ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಮಾಡಿದೀನಿ, ಹತ್ತಾರು ಸಲ. ನಮ್ಮಲ್ಲಿ ಎಲ್ರೂ ಮಾಡೋದೇ ಇದು ಯಾಕಂದ್ರೆ ನಾವು ಇದನ್ನ ಜಗಳ ಅನ್ಕೊಳ್ತೀವಿ. ಜಗಳ ಆದ್ರೆ ಇಬ್ರನ್ನೂ ಕೂರ್ಸಿ ರಾಜಿ ಮಾಡ್ಸೋದು ಸರಿ. ಇದು ಜಗಳ ಅಲ್ವಲ್ಲ. ಒಬ್ಬನ ಹಿಂದೆ ನಲವತ್ತು ಜನ, ಇನ್ನೊಬ್ಬನ ಹಿಂದೆ ಯಾರೂ ಇಲ್ಲ. ಅಲ್ಲಿ ರಾಜಿ ಅಂದ್ರೆ ಬಲ ಇಲ್ದೋನು ಇನ್ನೊಂದ್ಸಲ ಬಗ್ಗೋದು, ಅಷ್ಟೇ.

ನಾರ್ವೇಲಿ ಡಾನ್ ಓಲ್ವೇಯಸ್ ಅಂತ ಸೈಕಾಲಜಿಸ್ಟ್ ಇದ್ರು, 2020ರಲ್ಲಿ ತೀರ್ಕೊಂಡ್ರು. ಈ ಬುಲ್ಲಿಯಿಂಗ್ ವಿಷ್ಯದಲ್ಲಿ ಕೆಲ್ಸ ಮಾಡೋರೆಲ್ಲ ಅವರಿಂದಾನೇ ಶುರು ಮಾಡೋದು. ಅವರು ಮೂರು ಗುರುತು ಹೇಳಿದ್ರು: ಬೇಕಂತಲೇ ನೋವು ಮಾಡೋದು, ಮತ್ತೆ ಮತ್ತೆ ಮಾಡೋದು, ಇಬ್ರ ನಡುವೆ ಬಲದ ಅಂತರ ಇರೋದು. ನಂಗೆ ಮೂರನೇದೇ ಮುಖ್ಯ ಅನ್ಸೋದು, ನಮ್ ಸ್ಟಾಫ್ ರೂಮುಗಳಲ್ಲಿ ಯಾರಿಗೂ ಕಾಣ್ದೇ ಇರೋದೂ ಅದೇ. ನಾರ್ವೇಲಿ 1982ರ ಕೊನೇಲಿ ಮೂರು ಹುಡುಗ್ರು, ಇಂಥ ಕಾಟದಿಂದ್ಲೇ ಇರ್ಬೇಕು, ಜೀವ ಕಳ್ಕೊಂಡ್ರು, ಆಮೇಲೆ 1983ರಲ್ಲಿ ದೇಶ ಪೂರ್ತಿ ಅಭಿಯಾನ ಮಾಡಿದ್ರು. ಬರ್ಗೆನ್ ಊರಿನ 42 ಸ್ಕೂಲಲ್ಲಿ ಸುಮಾರು 2500 ಮಕ್ಳನ್ನ ಇವರು ಎರಡೂವರೆ ವರ್ಷ ಗಮನಿಸಿದಾಗ ಕಾಟ ಹೆಚ್ಚುಕಮ್ಮಿ ಅರ್ಧ ಇಳ್ದಿತ್ತು.

ಇನ್ನೊಂದು ನನ್ನ ಹಳೇ ಗೊಣಗಾಟ. ಕನ್ನಡದಲ್ಲಿ ಇದಕ್ಕೆ ನೆಟ್ಟಗೆ ಒಂದು ಪದ ಇಲ್ಲ. ರೇಗ್ಸೋದು ಅಂದ್ರೆ ಹಗುರ ಆಗೋಗತ್ತೆ, ಚುಡಾಯ್ಸೋದು ಅಂದ್ರೆ ಬರೀ ಹುಡುಗೀರ ವಿಷ್ಯ ಅನ್ಸತ್ತೆ, ಪೀಡನೆ ಅಂದ್ರೆ ಸರ್ಕಾರಿ ಸುತ್ತೋಲೆ. ನಮ್ಮಜ್ಜಿ ಹೇಳೋ "ಗೋಳು ಹುಯ್ಕೊಳ್ಳೋದು" ಅನ್ನೋದೇ ಹತ್ರ. ಅದ್ರಲ್ಲಿ ದಿನಾ ಮಾಡೋದೂ ಇದೆ, ಎದುರಿಗಿರೋನು ಸೋತಿರೋದೂ ಇದೆ.

ಮಾಡ್ಬೇಕಾಗಿದ್ದು ಏನು ಅಂದ್ರೆ, ಮೊದ್ಲು ಆ ಹುಡುಗನ ಜೊತೆ ಒಬ್ಬನೇ ಇರುವಾಗ ಮಾತು. ಏನಾಯ್ತು, ಎಲ್ಲೆಲ್ಲಿ ಆಗತ್ತೆ, ಈಗ ಏನಾದ್ರೆ ನಿಂಗೆ ಹಗುರ ಅನ್ಸತ್ತೆ, ಯಾರಿಗೆ ಹೇಳ್ಬೋದು ಯಾರಿಗೆ ಬೇಡ. ಆಮೇಲೆ ಮಾಡಿದ ಹುಡುಗ್ರನ್ನ ಒಬ್ಬೊಬ್ಬರನ್ನಾಗಿ, ಒಂದೇ ಪೀರಿಯಡಲ್ಲಿ, ಒಬ್ಬ ಹೊರಗೆ ಬಂದು ಇನ್ನೊಬ್ಬಂಗೆ ಹೇಳ್ಕೊಡೋಕೆ ಟೈಮ್ ಸಿಗ್ದಿರೋ ಹಾಗೆ. "ಅವನು ಕಂಪ್ಲೇಂಟ್ ಮಾಡ್ದ" ಅನ್ನೋ ಮಾತು ನಿಮ್ಮ ಬಾಯಿಂದ ಬರಲೇಬಾರ್ದು. "ನಾನು ನೋಡ್ದೆ" ಅನ್ನಿ. ಕಾಲು ನೀವು ನೋಡಿದೀರಲ್ಲ, ಸುಳ್ಳೇನಲ್ಲ.

ಧಾರವಾಡದ_ಹಳೇಹೆಡ್ಮಾಸ್ತರ

ಅಲ್ರೀ ಬಾಯಾರ, ಇಷ್ಟಕ್ಕೆಲ್ಲಾ ನಾರ್ವೇಕ್ಕ ಹೋಗಬೇಕೇನು? 34 ವರ್ಷ ಸರ್ವಿಸ್ ಮಾಡೇನಿ. ನಮ್ಮ ಕಾಲದಾಗ ಹುಡುಗೂರು ಒಬ್ರಿಗೊಬ್ರು ಅಡ್ಡಹೆಸರು ಇಡತಿದ್ರು, ಕುಂಟ, ಗೂನ, ಬೊಕ್ಕ ಅಂತ. ನನಗೂ ಇತ್ತು, ಹೇಳೂದಿಲ್ಲ ಬಿಡ್ರಿ. ನಾವೇನು ಹಾಳಾಗಿ ಹೋದ್ವೇನು? ಈಗಿನ ಮಕ್ಕಳಿಗೆ ಒಂದು ಮಾತು ತಡಕೊಳ್ಳೂ ಶಕ್ತಿ ಇಲ್ಲ. ಎರಡು ಬಿಗದ್ರ ಸರಿ ಹೋಗತಿತ್ತು, ಈಗ ಕೈ ಎತ್ತಂಗಿಲ್ಲ.

ಬೆಂಚ್_ಪಕ್ಕ_ಕೂತವ್ಳು

ಸರ್ ನಿಮ್ಮ ಅಡ್ಡಹೆಸರು ನೀವು ಇನ್ನೂ ಹೇಳ್ತಿಲ್ಲ ನೋಡಿ, ಎಷ್ಟು ವರ್ಷ ಆಯ್ತು? ತಮಾಷೆ ಬಿಡಿ. ಆಗ ಸ್ಕೂಲ್ ಬಿಟ್ಟ ಮೇಲೆ ಮನೇಲಿ ಆ ಹೆಸರು ಇರ್ತಿರ್ಲಿಲ್ಲ. ಈಗ ರಾತ್ರಿ ಹತ್ತಕ್ಕೆ ಹಾಸಿಗೆ ಮೇಲೂ ಬರತ್ತೆ. ಕೈ ಎತ್ತೋದು ಬೇಡ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ನಲ್ಲೇ ಇದೆ, ದೈಹಿಕ ಶಿಕ್ಷೆ ಮಾನಸಿಕ ಕಿರುಕುಳ ಎರಡೂ. ಕಾನೂನು ಪಕ್ಕಕ್ಕಿಡಿ, ನಾವು ಹೊಡೆದ್ರೆ ಮಕ್ಳು ಕಲಿಯೋದು ಬಲ ಇದ್ದೋನು ಹೊಡೀಬೋದು ಅಂತಾನೇ.

ಕುಡ್ಲದ_ವಾಕ್_ಟೀಚರ್ (ಸ್ಪೀಚ್ ಥೆರಪಿಸ್ಟ್)

ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಮಂಗಳೂರಲ್ಲಿ ಪ್ರಾಕ್ಟೀಸ್ ಮಾಡ್ತಾ ಇರುವವಳು. ಇಷ್ಟು ಹೊತ್ತು ಎಲ್ಲರೂ ಕಾಟ ಕೊಟ್ಟವನ ಬಗ್ಗೆ ಮಾತಾಡಿದ್ರಿ, ಆ ಮಗುವಿನ ಉಗ್ಗಿನ ಬಗ್ಗೆ ಯಾರೂ ಕೇಳ್ಲಿಲ್ಲ ಮಾರಾಯ್ರೆ.

ಮಿಸ್, ಒಂದು ವಿಷಯ ಉಂಟು. ಉಗ್ಗು ಹೆದರಿಕೆಯಿಂದ ಹುಟ್ಟುವುದಲ್ಲ, ಬುದ್ಧಿ ಕಮ್ಮಿ ಅಂತಲೂ ಅಲ್ಲ. ಆದ್ರೆ ಹೆದರಿಕೆ ಆದ್ರೆ ಜಾಸ್ತಿ ಕಾಣ್ತದೆ. ನೀವು ಸ್ಟಾಫ್ ರೂಮಲ್ಲಿ ನಾಲ್ಕೈದು ಜನರ ಎದುರು ನಿಲ್ಸಿದಾಗ ಅವನೂ ಏನಾದ್ರೂ ಮಾತಾಡ್ಬೇಕಾಯ್ತಾ? "ಪರ್ವಾಗಿಲ್ಲ" ಅಂತ ಹೇಳ್ಸಿದ್ರಾ? ಅದ್ರಲ್ಲಿ ಮೊದಲನೇ ಅಕ್ಷರವೇ ಪ. ನನಗೆ ಓದುವಾಗ ಅದೇ ತಲೆಗೆ ಬಂದದ್ದು.

ನನ್ನ ಹತ್ರ ಬರುವ ಮಕ್ಕಳಲ್ಲಿ ಎಷ್ಟೋ ಜನ ಬರುವುದು ಉಗ್ಗು ಶುರುವಾದಾಗ ಅಲ್ಲ, ಶಾಲೆಯಲ್ಲಿ ಅಣಕ ಶುರುವಾದಾಗ. ಅಷ್ಟ್ರಲ್ಲಿ ಅವರು ಮಾತು ಬದಲಾಯಿಸ್ಲಿಕ್ಕೆ ಕಲ್ತಿರ್ತಾರೆ, ಕಷ್ಟದ ಅಕ್ಷರ ಬಂದ್ರೆ ಬೇರೆ ಪದ ಹಾಕುವುದು, ಉತ್ತರ ಗೊತ್ತಿದ್ರೂ ಗೊತ್ತಿಲ್ಲ ಅನ್ನುವುದು. ಟೀಚರಿಗೆ ಕಾಣುವುದು "ಓದ್ಲಿಲ್ಲ" ಅಂತ. ಥೆರಪಿಯಲ್ಲಿ ನಾವು ಅಣಕ ಮಾಡಿದ್ರೆ ಏನು ಹೇಳ್ಬೇಕು ಅಂತಲೂ ಪ್ರಾಕ್ಟೀಸ್ ಮಾಡಿಸ್ತೇವೆ, "ಹೌದು ನನಗೆ ಉಗ್ಗು ಉಂಟು, ಸ್ವಲ್ಪ ಕಾಯಿ" ಅಂತ ಅಷ್ಟೇ, ಆರಾಮಲ್ಲಿ. ಕೆಲವು ಮಕ್ಕಳು ತಾವೇ ಕ್ಲಾಸಿನ ಎದುರು ಉಗ್ಗಿನ ಬಗ್ಗೆ ಮಾತಾಡ್ತಾರೆ. ಆದ್ರೆ ಅದು ಅವನು ಬಯಸಿದ್ರೆ ಮಾತ್ರ. ನೀವು ನಿಲ್ಸಿ ಮಾತಾಡ್ಸುವುದು ಬೇಡ, ದಯವಿಟ್ಟು.

ಎಂಟನೇ_ಬಿ_ಮಿಸ್

ಹೌದು ಮೇಡಂ, "ಪರ್ವಾಗಿಲ್ಲ" ಅಂತ ಹೇಳ್ಸಿದೆ. ಇವತ್ತು ರಾತ್ರಿ ನಿದ್ದೆ ಬರಲ್ಲ.

ಗುರು_ಬಿಡ್ಬೇಡಿ

ಇಷ್ಟೆಲ್ಲ ಯಾಕೆ ಮೇಡಂ, ಸೈಬರ್ ಕ್ರೈಮ್‌ಗೆ ಕಂಪ್ಲೇಂಟ್ ಕೊಟ್ಟು ಎಫ್‌ಐಆರ್ ಹಾಕ್ಸಿ. ಇಂಟರ್ನೆಟ್ ಅಪರಾಧದ ಐಟಿ ಕಾಯ್ದೇಲಿ 66ಎ ಅಂತ ಸೆಕ್ಷನ್ ಇದೆ, ಒಳಗೆ ಹಾಕ್ತಾರೆ. ಒಬ್ನಿಗೆ ಬಿಸಿ ಮುಟ್ಟಿದ್ರೆ ಮಿಕ್ಕೋರು ತೆಪ್ಪಗಾಗ್ತಾರೆ.

ಖಾಕಿ_ಕಾಫಿ (ಸಿಇಎನ್ ಠಾಣೆ, ಅಂದ್ರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧದ ಪೊಲೀಸ್ ಠಾಣೆ)

66ಎ ಸತ್ತು ವರ್ಷಗಟ್ಟಲೆ ಆಯ್ತು ಗುರುವೇ. 2015ರ ಮಾರ್ಚಲ್ಲಿ ಶ್ರೇಯಾ ಸಿಂಘಾಲ್ ಕೇಸಲ್ಲಿ ಸುಪ್ರೀಂ ಕೋರ್ಟೇ ತೆಗ್ದು ಹಾಕ್ತು. ಇವತ್ತಿಗೂ ಠಾಣೆಗೆ ಬಂದು 66ಎ ಹಾಕಿ ಅನ್ನೋರು ಇದಾರೆ.

ಎಂಟನೇ ಕ್ಲಾಸಂದ್ರೆ 13-14 ವಯಸ್ಸು. 2015ರ ಬಾಲ ನ್ಯಾಯ ಕಾಯ್ದೆ ಬರತ್ತೆ ಇವರಿಗೆ. ಕನಿಷ್ಠ 7 ವರ್ಷ ಶಿಕ್ಷೆ ಇರೋ ಘೋರ ಅಪರಾಧ ಆಗಿದ್ರೆ, ಇಲ್ಲಾ ದೊಡ್ಡೋರ ಜೊತೆ ಸೇರಿ ಮಾಡಿದ್ರೆ ಮಾತ್ರ ಮಕ್ಳ ಮೇಲೆ ಎಫ್‌ಐಆರ್. ಮಿಕ್ಕಿದ್ದಕ್ಕೆ ಡೈರಿಲಿ ಬರ್ಕೊಂಡು, ಮನೆ ಪರಿಸ್ಥಿತಿ ಏನು ಅಂತ ವರದಿ ಮಾಡಿ ಬಾಲ ನ್ಯಾಯ ಮಂಡಳಿಗೆ ಕಳ್ಸೋದು. ಯೂನಿಫಾರ್ಮ್ ಹಾಕ್ಕೊಂಡು ಮಾತಾಡ್ಸೋ ಹಾಗಿಲ್ಲ, ಲಾಕಪ್ಪಂತೂ ಕೇಳ್ಲೇಬೇಡಿ. "ಸುಮ್ನೆ ಬಂದು ಹೆದ್ರಿಸಿ ಹೋಗಿ ಸರ್" ಅಂತ ಪ್ರಿನ್ಸಿಪಾಲರು ಫೋನ್ ಮಾಡ್ತಾರೆ. ನಾವೇನು ಗುಮ್ಮಾನಾ?

ಆದ್ರೆ ಮೇಡಂ, ಒಂದು ವಿಷ್ಯದಲ್ಲಿ ಮಾತ್ರ ತಡ ಮಾಡ್ಬೇಡಿ. ಕ್ಲಿಪ್ಪಲ್ಲಿ ಬಟ್ಟೆ ಇಲ್ದಿರೋ ಫೋಟೋ ವಿಡಿಯೋ ಏನಾದ್ರೂ ಇದ್ರೆ, ಎಡಿಟ್ ಮಾಡಿದ್ದಾದ್ರೂ ಸರಿ, ಅದು ಬೇರೇನೇ ಲೆಕ್ಕ. ಪೋಕ್ಸೋ (ಮಕ್ಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ), ಐಟಿ ಕಾಯ್ದೆ 67ಬಿ. ಗೊತ್ತಿದ್ದೂ ತಿಳಿಸ್ದೆ ಇದ್ರೆ ಟೀಚರ್ ಮೇಲೂ ಸಂಸ್ಥೆ ಮುಖ್ಯಸ್ಥರ ಮೇಲೂ ಕೇಸಾಗತ್ತೆ. ಅಂಥದ್ದನ್ನ ಸಾಕ್ಷಿಗೆ ಅಂತ ನಿಮ್ ಮೊಬೈಲಿಗೆ ಕಳ್ಸ್ಕೋಬೇಡಿ, ಸ್ಟಾಫ್ ಗ್ರೂಪಿಗಂತೂ ಹಾಕಲೇಬೇಡಿ. ಪಾಪ ಒಳ್ಳೇದಕ್ಕೆ ಅಂತಾನೇ ಮಾಡೋದು ಜನ, ಆದ್ರೆ ಹಂಚಿದ್ರೆ ಅದೇ ಅಪರಾಧ. ಮೊಬೈಲ್ ಹಾಗೇ ಎತ್ತಿಟ್ಟು ಮಕ್ಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲಾ ಠಾಣೆಗೆ ಬನ್ನಿ. ನಿಮ್ಮ ಕೇಸು ಬರೀ ಧ್ವನಿ, ಅಲ್ಲೀಗಂಟ ಹೋಗಲ್ಲ. ಗ್ರೂಪ್ ಹೆಸ್ರು, ತಾರೀಕು, ಕಳ್ಸಿದ ನಂಬರ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗ್ದಿಟ್ಕೊಳಿ, ಡಿಲೀಟ್ ಮಾಡ್ಸೋದು ಆಮೇಲೆ. ಎಲ್ರೂ ಮೊದ್ಲು ಡಿಲೀಟ್ ಮಾಡ್ಸಿ ಆಮೇಲೆ ನಮ್ ಹತ್ರ ಬರ್ತಾರೆ. ಅಷ್ಟ್ರಲ್ಲಿ ಕೈಲಿ ಏನೂ ಇರಲ್ಲ.

ಆ_ಕಡೆಯ_ಅಪ್ಪ

ನಾನು ಟೀಚರ್ ಅಲ್ಲ, ಏನೂ ಅಲ್ಲ, ಆಟೋ ಬಿಡಿಭಾಗದ ಅಂಗಡಿ. ಹೋದ್ವರ್ಷ ನನ್ನ ಮಗ ಈ ಥರದ್ದೇ ಒಂದು ಕೆಲ್ಸ ಮಾಡಿದ್ದ, ಕ್ಲಾಸಿನ ಹುಡುಗಿ ಫೋಟೋಗೆ ಕೋತಿ ಮುಖ ಅಂಟ್ಸಿ ಸ್ಟಿಕರ್ ಮಾಡಿ ಬಿಟ್ಟಿದ್ದ. ಸ್ಕೂಲಿಂದ ಫೋನ್ ಬಂತು, ಅಂಗಡಿ ಮುಚ್ಕೊಂಡು ಹೋದೆ. ಆಫೀಸ್ ರೂಮಲ್ಲಿ ಎಲ್ರ ಎದುರಿಗೆ "ನಿಮ್ಮ ಸಂಸ್ಕಾರ ಇದೇನಾ" ಅಂದ್ರು. ಮನೆಗೆ ಬಂದು ಬೆಲ್ಟ್ ತಗೊಂಡು ಬಾರಿಸ್ದೆ. ಆವತ್ತಿಂದ ಅವನು ನಂಗೆ ಯಾವ್ದನ್ನೂ ಹೇಳೋದು ಬಿಟ್ಟ. ಸ್ಟಿಕರ್ ಮಾಡೋದು ಬಿಟ್ನೋ ಇಲ್ವೋ ನಂಗೆ ಗೊತ್ತಿಲ್ಲ, ಫೋನಿಗೆ ಲಾಕ್ ಹಾಕ್ಕೊಂಡಿದಾನೆ. ಆಮೇಲೆ ಅವರಮ್ಮನ ಹತ್ರ ಹೇಳ್ದಂತೆ, ಅದಕ್ಕೆ ಮುಂಚೆ ಇವನ ಸ್ಟಿಕರೇ ಓಡಾಡ್ತಿತ್ತಂತೆ ಆರು ತಿಂಗಳು. ಅದನ್ನ ಯಾರೂ ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಮಾಡಿದ್ದು ತಪ್ಪೇ, ಇಲ್ಲ ಅನ್ನಲ್ಲ. ಅಷ್ಟೇ ಹೇಳೋಣ ಅನ್ನಿಸ್ತು.

ಬೆಂಚ್_ಪಕ್ಕ_ಕೂತವ್ಳು

ಅಣ್ಣ, ಇದನ್ನ ಬರ್ದಿದ್ದಕ್ಕೆ ಥ್ಯಾಂಕ್ಸ್. ನೀವು ಹೇಳಿದ್ ಥರದ ಮಕ್ಳೇ ನಮಗೆ ಕಷ್ಟ. ಕಾಟ ತಿಂದು ಕಾಟ ಕೊಡೋರು. ಅವರನ್ನ ಬರೀ ತಪ್ಪಿತಸ್ಥ ಅಂತ ಕೂರ್ಸಿದ್ರೆ ಅರ್ಧ ಕಥೆ ಬಿಟ್ಟೋಗತ್ತೆ. ಮಗನ ಜೊತೆ ಮಾತು ನಿಂತೋಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಒಂದ್ಸಲ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಬೆಂಗಳೂರಿಗೆ ಹತ್ರ ಇದ್ರೆ ನಿಮ್ಹಾನ್ಸಲ್ಲಿ ಮೊಬೈಲು ಇಂಟರ್ನೆಟ್ಟಿನ ತೊಂದ್ರೆಗೆ ಅಂತಾನೇ ಶಟ್ ಕ್ಲಿನಿಕ್ ಇದೆ, 2014ರಿಂದ ನಡೀತಿದೆ.

ಟಾಂಪೆರೆ_ಗೌಡ್ತಿ

ನಾವು ಫಿನ್ಲೆಂಡಲ್ಲಿ ಇರೋದು, ಮೂಲ ಮಂಡ್ಯ. ಮಗಳು ನಾಕನೇ ಕ್ಲಾಸು. ಇಲ್ಲಿ ಸ್ಕೂಲಲ್ಲಿ ಇಂಥ ಕಾಟ ತಡೆಯೋಕೆ ಕಿವಾ ಅಂತ ಒಂದು ಕಾರ್ಯಕ್ರಮ, ತುರ್ಕು ಯೂನಿವರ್ಸಿಟಿಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಅನ್ನೋರ ತಂಡ ಮಾಡಿದ್ದು, 2009ರಿಂದ ದೇಶ ಪೂರ್ತಿ ಬಂತು. ಕಿವಾ ಅಂದ್ರೆ ಇವರ ಭಾಷೇಲಿ ಚೆನ್ನಾಗಿರೋದು ಅಂತಾನೂ ಅರ್ಥ. ಬಿಡುವಿನಲ್ಲಿ ಡ್ಯೂಟಿ ಮಾಡೋ ಟೀಚರ್ಸು ಫಳಫಳ ಅನ್ನೋ ಜಾಕೆಟ್ ಹಾಕ್ಕೊಂಡು ಆಟದ ಜಾಗದಲ್ಲಿ ಓಡಾಡ್ತಾರೆ, ನಮ್ ಕಡೆ ರೋಡ್ ಕೆಲಸದೋರ ಹಾಗೆ.

ನಂಗೆ ಹಿಡಿಸಿದ್ದು ಏನಂದ್ರೆ ಇವರು ಕಾಟ ಕೊಡೋನ ಮೇಲೆ ಅಷ್ಟು ಕಣ್ಣಿಡಲ್ಲ, ಸುತ್ತ ನಿಂತೋರ ಮೇಲೆ ಇಡ್ತಾರೆ. ನಗೋರು, ವಿಡಿಯೋ ಮಾಡೋರು, ನೋಡಿ ಸುಮ್ನಿರೋರು, ಇವರೇ ಪೆಟ್ರೋಲು ಅಂತ ಇವರ ಲೆಕ್ಕ. ಏನಾದ್ರೂ ಆದ್ರೆ ಸ್ಕೂಲಿನ ಮೂರು ಜನ ದೊಡ್ಡೋರ ತಂಡ ಮಾತಾಡತ್ತೆ, ಅದ್ರ ಜೊತೆಗೆ ಕ್ಲಾಸ್ ಟೀಚರ್ ಎರಡು ಮೂರು ಒಳ್ಳೆ ಮಕ್ಳನ್ನ ಸದ್ದಿಲ್ದೆ ಕರ್ದು "ಅವಳ ಜೊತೆ ಸ್ವಲ್ಪ ಇರಿ" ಅಂತಾರೆ. ಮಗಳಿಗೆ ಒಂದ್ಸಲ ಈ ಡ್ಯೂಟಿ ಸಿಕ್ಕಿತ್ತು. ಊಟಕ್ಕೆ ಪಕ್ಕ ಕೂರೋದು, ಅಷ್ಟೇ ಕೆಲ್ಸ. ಆದ್ರೆ ಹೊಗಳ್ತಾನೇ ಇರಲ್ಲ, ದೊಡ್ಡ ಮಕ್ಳಲ್ಲಿ, 13-15ರ ವಯಸ್ಸಲ್ಲಿ ಇದು ಅಷ್ಟು ನಾಟಲ್ಲ ಅಂತ ಇವರ ಸಂಶೋಧನೇಲೇ ಬಂದಿದೆ.

ಬೆಂಚ್_ಪಕ್ಕ_ಕೂತವ್ಳು

ಸುತ್ತ ನಿಂತೋರ ವಿಷ್ಯ ನಿಜ. ಕೆನಡಾದಲ್ಲಿ ಆಟದ ಮೈದಾನಕ್ಕೆ ಕ್ಯಾಮೆರಾ ಇಟ್ಟು ಮಾಡಿದ ಒಂದು ಅಧ್ಯಯನ ಇದೆ, 2001ರದ್ದು. 88% ಸಲ ಬೇರೆ ಮಕ್ಳು ಪಕ್ಕದಲ್ಲೇ ಇದ್ರಂತೆ, ನಡುವೆ ಬಂದಿದ್ದು 19% ಸಲ ಮಾತ್ರ. ಆದ್ರೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ, 57%, ಹತ್ತು ಸೆಕೆಂಡಲ್ಲಿ ನಿಂತೋಯ್ತಂತೆ. ಮಿಸ್, ನಿಮ್ಮ ಕ್ಲಾಸಲ್ಲಿ ಕಾಲು ಎತ್ತದೇ ಇರೋರು ಯಾರು ಅಂತ ಮೊದ್ಲು ನೋಡಿ. ಅವರೇ ನಿಮ್ ಆಸ್ತಿ.

ಧಾರವಾಡದ_ಹಳೇಹೆಡ್ಮಾಸ್ತರ

ಎಲ್ಲಾ ಓದಿದೆ. ಮೊದಲ ಬರದದ್ದು ಸ್ವಲ್ಪ ಬಿರುಸಾತು, ಆದ್ರ ಪೂರ್ತಿ ವಾಪಸ್ ತಗೊಳ್ಳೂದಿಲ್ಲ. ಮಕ್ಕಳು ಗಟ್ಟಿ ಆಗಬೇಕು ಅನ್ನೂದು ನನ್ನ ಮಾತು, ಅದು ಅದ.

ಒಂದು ಕೆಲಸದ ಮಾತು ಹೇಳತೀನಿ. ಇವು ನಡಿಯೂದು ಕ್ಲಾಸಿನ್ಯಾಗ ಅಲ್ರಿ. ಸಂಡಾಸದ ಹಿಂದ, ಸೈಕಲ್ ಸ್ಟ್ಯಾಂಡಿನ್ಯಾಗ, ಬಿಸಿಯೂಟದ ಸಾಲಿನ ಬಾಲದಾಗ, ಬಸ್ಸಿನ ಹಿಂದಿನ ಸೀಟಿನ್ಯಾಗ. ಮಾಸ್ತರ ಮಂದಿ ಯಾರೂ ನಿಲ್ಲದ ಜಾಗ ಯಾವುದು ಅಂತ ಹುಡುಗರಿಗೆ ನಮಗಿಂತ ಚಲೋ ಗೊತ್ತಿರತದ. ನಾನು ಹೆಡ್ಮಾಸ್ತರ ಇದ್ದಾಗ ಸಾಲಿ ನಕಾಶೆ ಬರದು ಹುಡುಗರ ಕೈಯಾಗ ಕೊಟ್ಟು "ಎಲ್ಲಿ ಹೋಗಾಕ ಮನಸ್ಸಿಲ್ಲ ಅಲ್ಲಿ ಗುಣಾಕಾರ ಚಿಹ್ನೆ ಹಾಕ್ರಿ, ಹೆಸರು ಬ್ಯಾಡ" ಅಂದೆ. ನೀರಿನ ಟಾಕಿ ಹಿಂದ ಕರ್ರಗ ಆಗಿತ್ತು. ಅಲ್ಲಿ ನಾ ದಿನಾ ಹೋಗಿ ಚಾ ಕುಡಿಯಾಕ ಚಾಲೂ ಮಾಡಿದೆ.

ದೂರಿನ ಪೆಟ್ಟಿಗಿ ಬಗ್ಗೆ ಕೇಳಬ್ಯಾಡ್ರಿ. ನಮ್ಮ ಸಾಲಿ ಪೆಟ್ಟಿಗಿ ಕೀಲಿ ಎರಡು ವರ್ಷ ಕಳದಿತ್ತು. ತೆಗದಾಗ ಚಾಕಲೇಟ್ ಕಾಗದ, ಒಂದು ಸತ್ತ ಹಲ್ಲಿ, ಮತ್ತ ಒಂದು ಚೀಟಿ. ಚೀಟ್ಯಾಗ ಬರದ ಹುಡುಗಿ ಅಷ್ಟರಾಗ ಸಾಲಿ ಬಿಟ್ಟು ಹೋಗಿದ್ಲು.

ಎಂಟನೇ_ಬಿ_ಮಿಸ್

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಮೊದ್ಲು ಅವನ ಮನೆಗೇ ಹೋದೆ. ಅವರಮ್ಮ ಕಾಫಿ ಕೊಟ್ಟು ಒಳಗೆ ಹೋದ್ರು. ನಾನು ಅವನಿಗೆ "ನಾನು ಮಾಡಿದ್ದು ತಪ್ಪು, ನಿನ್ನ ಕೇಳ್ದೆ ಎಲ್ರ ಮುಂದೆ ನಿಲ್ಸಬಾರ್ದಿತ್ತು" ಅಂದೆ. ಅವನು ಏನೂ ಹೇಳ್ಲಿಲ್ಲ. ಏನಾದ್ರೆ ಹಗುರ ಅನ್ಸತ್ತೆ ಅಂತ ಕೇಳಿದ್ದಕ್ಕೆ ನೋಟ್‌ಬುಕ್ ತಗೊಂಡು ಬರ್ದು ತೋರ್ಸಿದ: "ಹಾಜರಿ ಕೂಗುವಾಗ ಪ್ರೆಸೆಂಟ್ ಮಿಸ್ ಅನ್ನೋದು ಬೇಡ." ಪ-ನೂ ಇದೆ ಮ-ನೂ ಇದೆ ಅದ್ರಲ್ಲಿ. ದಿನಾ ಬೆಳಿಗ್ಗೆ ಮೊದಲನೇ ಪೀರಿಯಡ್ಡು ನಾನೇ ಅವನಿಗೆ ಈ ಪರೀಕ್ಷೆ ಕೊಡ್ತಿದ್ದೆ, ಗೊತ್ತೇ ಇರ್ಲಿಲ್ಲ. ಈಗ ಇಡೀ ಕ್ಲಾಸಿಗೆ ಕೈ ಎತ್ತೋದು ಅಂತ ಮಾಡಿದೀನಿ, ಅವನೊಬ್ನಿಗೆ ಅಂತ ಗೊತ್ತಾಗಲ್ಲ.

ಕ್ಲಿಪ್ ಮಾಡಿದ ಹುಡುಗ್ರು ಮೂರು ಜನ ಅಂತ ಗೊತ್ತಾಯ್ತು, ಒಬ್ಬನಲ್ಲ. ರೆಕಾರ್ಡ್ ಮಾಡಿದೋನು ಬೇರೆ, ಬೈಕ್ ಸೌಂಡ್ ಸೇರ್ಸಿದೋನು ಬೇರೆ, ಗ್ರೂಪಿಗೆ ಹಾಕಿದೋನು ಬೇರೆ. ಒಬ್ಬೊಬ್ಬರನ್ನೇ ಮಾತಾಡ್ಸಿದೆ. ನಾನು ಸಾರಿ ಹೇಳ್ಸಿದ್ದು ಸೌಂಡ್ ಸೇರ್ಸಿದೋನ ಕೈಲಿ ಮಾತ್ರ, ಅವನಿಗೆ ಅದೇ ಸಿಟ್ಟು. "ನಾನೊಬ್ನೇನಾ ಮಿಸ್" ಅಂದ. ನ್ಯಾಯ ಇದೆ ಅವನ ಮಾತಲ್ಲೂ. ಕಾಲು ಎತ್ತದೇ ಇರೋರನ್ನೂ ನೋಡಿದೆ, ಎರಡನೇ ಬೆಂಚಿನ ಒಬ್ಳು ಇದಾಳೆ, ಮೊನ್ನೆ ಹಿಂದೆ ತಿರುಗಿ "ಸಾಕ್ ಮಾಡ್ರೋ" ಅಂದ್ಳು, ಜೋರಾಗೇನಲ್ಲ. ಆವತ್ತು ನಿಂತಿತ್ತು. ಮಾರನೇ ದಿನ ಮತ್ತೆ ಒಂದ್ ಕಾಲು ನೋಡ್ದೆ.

ಹುಡುಗ ವಾರದಲ್ಲಿ ಮೂರು ದಿನ ಬರ್ತಿದಾನೆ. ಮೈಸೂರಿಗೆ ತೋರ್ಸೋಕೆ ಅವರಪ್ಪ ಒಪ್ಪಿದಾರೆ, ಬೇಸಿಗೆ ರಜೇಲಿ. ಗ್ರೂಪಲ್ಲಿ ಕ್ಲಿಪ್ ತೆಗ್ಸಿದೀವಿ. ಆದ್ರೆ ಈಗ 9ನೇ ಕ್ಲಾಸಿನೋರ ಹತ್ರಾನೂ ಇದೆ ಅಂತಿದಾರೆ, ಟ್ಯೂಷನ್ನಿಂದ ಹೋಗಿರ್ಬೇಕು.

ಖಾಕಿ_ಕಾಫಿ

ಟ್ಯೂಷನ್ ಸರ್ ಹತ್ರ ಮಾತಾಡಿದ್ರಾ ಮೇಡಂ? ರೆಕಾರ್ಡ್ ಆಗಿದ್ದೇ ಅವರ ರೂಮಲ್ಲಿ. ಸ್ಕೂಲಿಗೆ ಫೋನ್ ತರಂಗಿಲ್ಲ, ಅಲ್ಲಿ ತರ್ತಾರೆ.

ಎಂಟನೇ_ಬಿ_ಮಿಸ್

ಇಲ್ಲ ಸರ್. ಅವರು ನಮ್ಮ ಸ್ಕೂಲಿನ ಮ್ಯಾತ್ಸ್ ಸರ್ರೇ. ಸ್ಟಾಫ್ ರೂಮಲ್ಲಿ ಭೇಷ್ ಅಂದೋರಲ್ಲಿ ಅವರೂ ಒಬ್ರು. ನಾಳೆ ಸಂಜೆ ಆರಕ್ಕೆ ಬ್ಯಾಚ್ ಇದೆ, ಅದಕ್ಕೆ ಮುಂಚೆ ಹೋಗ್ತೀನಿ.

ಕುಡ್ಲದ_ವಾಕ್_ಟೀಚರ್

ಬೇಸಿಗೆ ರಜೆಯವರೆಗೆ ಕಾಯುವುದು ಬೇಡ ಅಂತ ಅವರಪ್ಪನಿಗೆ ಹೇಳಿ ಮಿಸ್. ಹಾಸನದಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಸಂಜೆಗೆ ವಾಪಸ್ ಬರ್ಬಹುದು.